1969ರ ಕಾರ್ವೆಟ್: ಹೊಸ ಫೆಂಡರಿನ ಜೋಡಣೆಯಲ್ಲಿ ಬಿರುಕು

ನಿಮ್ಮ ಕಾರ್ವೆಟ್ ಕಾರಿನ ಮುಂದಿನ ಫೆಂಡರ್ (ಚಕ್ರದ ಮೇಲಿನ ಫೈಬರ್‌ಗ್ಲಾಸ್ ಹೊರಪ್ಯಾನೆಲ್) ಬದಲಿಸಿ ಬಣ್ಣ ಹೊಡೆಸಿದ ಕೆಲವೇ ತಿಂಗಳಲ್ಲಿ ಜೋಡಣೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಮೂಡಿದೆ ಎಂದಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಬಣ್ಣ ಕಾರಣವಲ್ಲ, ಜೋಡಣೆಯ ಹಿಂದೆ ಎರಡು ಪ್ಯಾನೆಲ್‌ಗಳನ್ನು ಅಂಟಿಸಿ ಹಿಡಿಯುವ ಬಾಂಡಿಂಗ್ ಪಟ್ಟಿಯಿಂದ ಪ್ಯಾನೆಲ್ ಬಿಟ್ಟುಕೊಂಡಿದೆ. ಜೋಡಣೆಯ ಗುಂಟ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಅಂಟು ಬಿಟ್ಟಲ್ಲಿ ಸದ್ದು ಟೊಳ್ಳಾಗುತ್ತದೆ. ಇಡೀ ಜೋಡಣೆ ಗಟ್ಟಿಯಾಗಿ ಕೇಳಿಸಿದರೆ ನನ್ನ ಊಹೆ ತಪ್ಪಿರಬಹುದು, ಆಗ ಬಾಡಿ ಮೌಂಟ್‌ಗಳನ್ನು (ಬಾಡಿಯನ್ನು ಚೌಕಟ್ಟಿಗೆ ಕೂಡಿಸುವ ಜಾಗಗಳನ್ನು) ನೋಡಬೇಕು.

ಅಂಟು ಬಿಟ್ಟಿದ್ದರೆ ಪ್ಯಾನೆಲ್ ಬಿಡಿಸಿ ಮತ್ತೆ ಅಂಟಿಸಬೇಕು. ಆ ಕೆಲಸದುದ್ದಕ್ಕೂ ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರಲಿ, ಬಾಗಿಲುಗಳು ಮುಚ್ಚಿರಲಿ. ಜಾಕ್ ಮೇಲೆ ಎತ್ತಿಟ್ಟು ಕೂಡಿಸಿದ ಪ್ಯಾನೆಲ್ ಕೆಳಗಿಳಿಸಿದಾಗ ಎಳೆತಕ್ಕೆ ಸಿಗುತ್ತದೆ. ಹಳೆಯ ಅಂಟನ್ನು ಹೀಟ್ ಗನ್ನಿನಿಂದ ಮೆತ್ತಗಾಗಿಸಿ, ಪಟ್ಟಿಗೆ ಪೆಟ್ಟಾಗದಂತೆ ತೆಳು ಉಳಿಯಿಂದ ಬಿಡಿಸಿ. ಫೆಂಡರಿನ ಹಿಂಬದಿಯನ್ನು ಮೊದಲು ಮೇಣ ತೆಗೆಯುವ ದ್ರಾವಣದಿಂದ ಒರೆಸಿ, ಅನಂತರವೇ 36 ಗ್ರಿಟ್‌ನ ಒರಟು ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಈ ಕ್ರಮ ತಿರುಗುಮುರುಗಾದರೆ ಪ್ಯಾನೆಲ್ ತಯಾರಿಸಿದ ಅಚ್ಚಿನಿಂದ ಅಂಟಿಕೊಂಡು ಬಂದ ಮೇಣ ಗೀರುಗಳೊಳಗೆ ಇಳಿದು ಅಂಟು ಹಿಡಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಉಜ್ಜುವಾಗ ರೆಸ್ಪಿರೇಟರ್ ತಪ್ಪದೆ ಧರಿಸಿ.

ಅಂಟಿಲ್ಲದೆ ಒಮ್ಮೆ ಸ್ಕ್ರೂಗಳಿಂದ ಕೂಡಿಸಿ, ಹುಡ್ ಮತ್ತು ಬಾಗಿಲಿನ ಸಂದುಗಳನ್ನು ಸರಿಪಡಿಸಿಕೊಳ್ಳಿ. ಆಮೇಲೆ ಎರಡು ಭಾಗದ ಪ್ಯಾನೆಲ್ ಅಂಟು ಹಚ್ಚಿ. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಜೋಡಣೆಯಲ್ಲಿ ಅಗಲವಾದ, ಇಳಿಜಾರಿನ ತೋಡು ಕೊರೆದು ಗಾಜಿನ ಮ್ಯಾಟ್ ಮತ್ತು ರೆಸಿನ್ ತುಂಬಿ; ಬರೀ ಫಿಲ್ಲರ್ ತುಂಬಿದರೆ ಗೆರೆ ಮರಳಿ ಬರುತ್ತದೆ. ಹೊಸ ಪ್ಯಾನೆಲ್ ಎಸ್‌ಎಂಸಿಯದ್ದೇ (ಶೀಟ್ ಮೋಲ್ಡಿಂಗ್ ಕಾಂಪೌಂಡ್, ಅಚ್ಚಿನಲ್ಲಿ ಒತ್ತಿ ಮಾಡಿದ ಗಾಜುನಾರಿನ ಪ್ಲಾಸ್ಟಿಕ್) ಎಂದು ಮಾರಿದವರನ್ನು ಕೇಳಿ. ಹೌದಾದರೆ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಎಸ್‌ಎಂಸಿಗೆಂದೇ ತಯಾರಿಸಿದ ಅಂಟು ಮತ್ತು ರೆಸಿನ್ ಬಳಸಿ.