ತಪ್ಪಿದ ದಿನಗಳ ಬಾಕಿ ತೀರಿಸಬೇಕಾ?

ಪ್ರಶ್ನೆ: ನನಗೆ ಇಬ್ಬರು ಪುಟ್ಟ ಮಕ್ಕಳು, ಜೊತೆಗೆ ಕೆಲಸವೂ ಇದೆ. ಪ್ರತಿ ಜನವರಿಯಲ್ಲಿ, ಒಂದೇ ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸಬೇಕು ಅಂತ ಚಾರ್ಟ್ ಹಿಡಿದು ಶುರು ಮಾಡುತ್ತೇನೆ. ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಗುತ್ತದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ನಿದ್ದೆ, ಇಲ್ಲವೇ ನಾಳೆಯ ಕೆಲಸಗಳ ಯೋಚನೆ. ಅತ್ತೆ ದಿನಾ ನಸುಕಿನಲ್ಲೇ ಎದ್ದು ಒಂದು ಗಂಟೆ ಪ್ರಾರ್ಥಿಸುತ್ತಾರೆ. ನಾನು ಬೈಬಲ್ ತೆರೆದು ಎಷ್ಟೋ ವಾರವಾಯಿತು. ಈಗ ಯಾವ ಮುಖ ಹೊತ್ತು ದೇವರ ಮುಂದೆ ಹೋಗಲಿ? ನನ್ನ ನಂಬಿಕೆಯೇ ಸುಳ್ಳಾ?

ಪ್ರಿಯ ಸಹೋದರಿ,

ಇಲ್ಲ. ನಂಬಿಕೆ ಸುಳ್ಳಾಗಿದ್ದರೆ ಈ ವಾರಗಳು ನಿಮ್ಮನ್ನು ಹೀಗೆ ಚುಚ್ಚುತ್ತಲೇ ಇರಲಿಲ್ಲ.

ನಿದ್ದೆಗಿಂತ, ಯಾಜಕಕಾಂಡಕ್ಕಿಂತ ನನಗೆ ಜಾಸ್ತಿ ಚಿಂತೆಯಾದದ್ದು ‘ಯಾವ ಮುಖ ಹೊತ್ತು’ ಅನ್ನುವ ಮಾತು. ಒಂದು ದಿನ ತಪ್ಪಿದ್ದಕ್ಕೆ ಯಾರ ಅಭ್ಯಾಸವೂ ಮುರಿಯುವುದಿಲ್ಲ. ತಪ್ಪಿತಲ್ಲ ಅನ್ನುವ ನಾಚಿಕೆಯಲ್ಲಿ ಮರುದಿನವೂ ದೂರ ಉಳಿಯುತ್ತೇವಲ್ಲ, ಅಲ್ಲಿ ಮುರಿಯುತ್ತದೆ. ಲೂಕ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆಯ ಸುಂಕದವನನ್ನು, ಅಂದರೆ ತೆರಿಗೆ ವಸೂಲಿ ಮಾಡುವವನನ್ನು, ನೆನಪಿಸಿಕೊಳ್ಳಿ. ಅವನಿಗೂ ತಲೆ ಎತ್ತುವ ಮುಖವಿರಲಿಲ್ಲ. ದೂರದಲ್ಲೇ ನಿಂತು, ಪಾಪಿಯಾದ ನನ್ನನ್ನು ಕರುಣಿಸು ಅಂದ, ಅಷ್ಟೇ. ಅಲ್ಲಿಗೇ ಪ್ರಾರ್ಥನೆಗೆ ಬಂದಿದ್ದ, ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನ ಹತ್ತಿರ ವಾರಕ್ಕೆ ಎರಡು ಉಪವಾಸದ ಲೆಕ್ಕವಿತ್ತು. ಆದರೂ ನೀತಿವಂತನೆಂದು ಎಣಿಸಿಕೊಂಡು ಮನೆಗೆ ಹೋದವನು ಸುಂಕದವನೇ. ಇವತ್ತು ರಾತ್ರಿ ಅವನ ಆ ಒಂದು ವಾಕ್ಯವನ್ನೇ ನಿಮ್ಮದಾಗಿ ಹೇಳಿ. ಪ್ರಾರ್ಥನೆ ಮತ್ತೆ ಶುರುವಾದಂತೆಯೇ.

ಇನ್ನು ಚಾರ್ಟ್. 66 ಪುಸ್ತಕಗಳು, 1,189 ಅಧ್ಯಾಯಗಳು. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ಹತ್ತು ದಿನ ತಪ್ಪಿದರೆ ಮೂವತ್ತಕ್ಕೂ ಹೆಚ್ಚು ಅಧ್ಯಾಯ ಬಾಕಿ ಬೀಳುತ್ತದೆ. ಪುಟ್ಟ ಮಕ್ಕಳ ತಾಯಿ ಅದನ್ನು ತೀರಿಸುವುದು ಯಾವಾಗ? ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಪಾಸ್ಟರ್ ರಾಬರ್ಟ್ ಮರ್ರಿ ಮೆಕ್‌ಷೇನ್ 1842ರಲ್ಲಿ ತಮ್ಮ ಸಭೆಗಾಗಿ ಇಂಥದ್ದೇ ಒಂದು ವರ್ಷದ ಯೋಜನೆ ಮಾಡಿಕೊಟ್ಟರು. ಇಂದಿಗೂ ಅದನ್ನು ಅನುಸರಿಸುವವರಿದ್ದಾರೆ. ಅದರ ಅಪಾಯಗಳನ್ನೂ ಅವರೇ ಬರೆದಿದ್ದರು. ಓದು ಬರೀ ಕಾಟಾಚಾರಕ್ಕೆ ಎಂಬಂತಾಗಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು ಅಂತ ಎಚ್ಚರಿಸಿದ್ದರು. ನಿಮಗೆ ಆಗಿರುವುದು ಅದೇ. ಚಾರ್ಟನ್ನು ಎತ್ತಿಡಿ. ಬಾಕಿ ಇರುವ ಅಧ್ಯಾಯಗಳನ್ನು ಬಿಟ್ಟುಬಿಡಿ, ಖಂಡಿತ ಬಿಟ್ಟುಬಿಡಿ.

ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದೇ ಘಟನೆ ಓದಿ. ಮೆಲ್ಲಗೆ, ತುಟಿ ಅಲ್ಲಾಡಿಸಿಕೊಂಡು, ಎರಡು ಸಲ. ಯೇಸು ಇಲ್ಲಿ ಯಾರನ್ನು ನೋಡುತ್ತಿದ್ದಾನೆ, ಏನು ಹೇಳುತ್ತಿದ್ದಾನೆ ಎಂದು ಗಮನಿಸಿ. ಮನಸ್ಸಿಗೆ ತಾಕಿದ ಒಂದು ಮಾತನ್ನು ಹಿಡಿದು ಅದರ ಬಗ್ಗೆಯೇ ಅವನ ಹತ್ತಿರ ಮಾತಾಡಿ. ಹತ್ತು ನಿಮಿಷ ಸಾಕು. ತೀರಾ ಸುಸ್ತಾದ ದಿನಕ್ಕೆ 117ನೇ ಕೀರ್ತನೆ ಇದೆ, ಎರಡೇ ವಚನ. ಒಂದು ದಿನ ತಪ್ಪಿತಾ? ಮರುದಿನ ನಿಲ್ಲಿಸಿದ ಜಾಗದಿಂದ ಮುಂದೆ ಓದಿ, ಆ ದಿನಕ್ಕೂ ಸೇರಿಸಿ ಓದಲು ಹೋಗಬೇಡಿ.

ನಸುಕಿನಲ್ಲೇ ಏಳಬೇಕೆಂದೇನೂ ಇಲ್ಲ. ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗ ಪ್ರಾರ್ಥಿಸಿದ್ದು ನಿಜ. ಆದರೆ ಜನರನ್ನು ಕಳುಹಿಸಿಕೊಟ್ಟು ಸಂಜೆಯ ಮೇಲೆ ಬೆಟ್ಟ ಹತ್ತಿ ಪ್ರಾರ್ಥಿಸಿದ್ದೂ ಅದೇ ಮಾರ್ಕನಲ್ಲಿದೆ. ಮಕ್ಕಳು ಮಲಗಿದ ತಕ್ಷಣ, ಅಥವಾ ಊಟದ ಬಿಡುವಿನಲ್ಲಿ, ಹೇಗೂ ದಿನಾ ಮಾಡುವ ಒಂದು ಕೆಲಸದ ಬೆನ್ನಿಗೇ ಈ ಹತ್ತು ನಿಮಿಷವನ್ನು ಇಟ್ಟುಕೊಳ್ಳಿ. ಬೈಬಲ್ ಅಲ್ಲೇ ಕೈಗೆ ಸಿಗುವಂತಿರಲಿ, ಫೋನ್ ಬೇರೆ ಕೋಣೆಯಲ್ಲಿರಲಿ.

ಮೊಣಕಾಲೂರಿದರೆ ನಿದ್ದೆ ಬರುತ್ತದೆ ಅಂದಿರಿ. ಯೇಸುವನ್ನು ಬಂಧಿಸಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯರಿಗೂ ಬಂತು. ಮನಸ್ಸೇನೋ ಸಿದ್ಧವಾಗಿದೆ, ದೇಹಕ್ಕೆ ಬಲವಿಲ್ಲ ಎಂದು ಯೇಸು ಅವರಿಗೆ ಹೇಳಿದ. ನೀವು ನಿಂತುಕೊಂಡೋ, ಅತ್ತಿತ್ತ ನಡೆಯುತ್ತಲೋ, ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸಿ. ನಾಳೆಯ ಕೆಲಸಗಳು ನೆನಪಾದರೆ ಓಡಿಸಬೇಡಿ, ಒಂದೊಂದನ್ನೂ ಹೆಸರಿಟ್ಟು ದೇವರ ಕೈಗೆ ಕೊಡಿ. ಮಗುವಿನ ಜ್ವರ, ಆಫೀಸಿನ ಜಗಳ ಎಲ್ಲವನ್ನೂ. ಯಾವ ವಿಷಯದಲ್ಲೂ ಚಿಂತೆ ಮಾಡದೆ ಎಲ್ಲವನ್ನೂ ದೇವರಿಗೆ ತಿಳಿಸಿರಿ ಎಂದು ಪೌಲ ಫಿಲಿಪ್ಪಿಯವರಿಗೆ ಬರೆದಿದ್ದಾನಲ್ವಾ? ಮಾತೇ ಬರದಿದ್ದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿ. ಮತ್ತಾಯನಲ್ಲಿ ಆ ಪ್ರಾರ್ಥನೆ ಐದೇ ವಚನ. ಅದನ್ನು ಕಲಿಸುವ ಮುಂಚೆ ಯೇಸು ಹೇಳಿದ್ದು, ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದು. ದೇವರು ದೂರವಾಗಿದ್ದಾನೆ ಅನಿಸುವ ದಿನ 13ನೇ ಕೀರ್ತನೆ ಓದಿ. ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ಕೇಳುವ ಪ್ರಾರ್ಥನೆ ಅದು.

ಅತ್ತೆಯ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಅವರ ಹತ್ತಿರ ಹೋಗಿ ಕೇಳಿ: ಮಕ್ಕಳು ಚಿಕ್ಕವರಿದ್ದಾಗ ನೀವು ಹೇಗೆ ಪ್ರಾರ್ಥಿಸುತ್ತಿದ್ದಿರಿ? ನಿಮ್ಮ ಹೆಸರು ಹಿಡಿದು ದಿನಾ ಪ್ರಾರ್ಥಿಸಲು ಹೇಳಿ. ಹತ್ತು ನಿಮಿಷ ಮಕ್ಕಳನ್ನು ನೋಡಿಕೊಳ್ಳಿ ಅಂತ ನಿಮ್ಮ ಯಜಮಾನರಿಗೂ ಹೇಳಿ. ಅವರು ಬೇಡ ಅನ್ನಲಾರರು, ನೀವು ಕೇಳಿರಲಿಕ್ಕಿಲ್ಲ.

ಯಾಜಕಕಾಂಡವನ್ನು ಪೂರ್ತಿ ಕೈಬಿಡಿ ಅಂತ ನಾನು ಹೇಳುತ್ತಿಲ್ಲ. ಮಾರ್ಕ ಮುಗಿದ ಮೇಲೆ ಯಾಜಕಕಾಂಡದ 16ನೇ ಅಧ್ಯಾಯವನ್ನೂ ಇಬ್ರಿಯರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಮಹಾಯಾಜಕ ವರ್ಷಕ್ಕೊಮ್ಮೆ ಬಲಿಯ ರಕ್ತ ಹಿಡಿದು ಅತಿ ಪವಿತ್ರ ಸ್ಥಳದ ಒಳಗೆ ಹೋಗುತ್ತಿದ್ದದ್ದು ಏಕೆ, ಕ್ರಿಸ್ತ ಒಂದೇ ಸಲ ಹೋದದ್ದು ಏಕೆ ಎಂದು ಗೊತ್ತಾದರೆ ಉಳಿದ ಅಧ್ಯಾಯಗಳು ನಿಮಗೆ ಇಷ್ಟು ಒಣಗಿದಂತೆ ಕಾಣುವುದಿಲ್ಲ.