ಹೈಕೋರ್ಟ್ ಜಡ್ಜ್ ಆಗಲು ಯಾವ ಪರೀಕ್ಷೆ ಬರೀಬೇಕು?

ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದೀನಿ, ಹೈಕೋರ್ಟ್ ಜಡ್ಜ್ ಆಗೋಕೆ ಯಾವ ಪರೀಕ್ಷೆ ಅಂತ ಕೇಳಿದ್ದೀರಿ. ಪರೀಕ್ಷೆಯೇ ಇಲ್ಲ. ಅರ್ಜಿ ಹಾಕಿ ಪಡೆಯುವ ಕೆಲಸವೂ ಅಲ್ಲ.

ನಾನು ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠದಲ್ಲಿ ವಕೀಲ. ಸಂವಿಧಾನದ 217ನೇ ವಿಧಿ ಕೇಳುವುದು ಹೈಕೋರ್ಟ್‌ನಲ್ಲಿ 10 ವರ್ಷ ವಕೀಲಿಕೆ, ಇಲ್ಲವೇ 10 ವರ್ಷ ನ್ಯಾಯಾಂಗದ ಹುದ್ದೆ. ಆಮೇಲೆ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ, ಅಂದರೆ ಹೆಸರು ಆರಿಸುವ ಸಮಿತಿ, ನಿಮ್ಮ ಹೆಸರು ಕಳಿಸಬೇಕು. ಸುಪ್ರೀಂ ಕೋರ್ಟ್ ಕೊಲಿಜಿಯಂ, ಕೇಂದ್ರ ಸರ್ಕಾರ ದಾಟಿ ರಾಷ್ಟ್ರಪತಿ ಸಹಿ ಬೀಳಬೇಕು. 62ಕ್ಕೆ ನಿವೃತ್ತಿ.

ಪರೀಕ್ಷೆ ಇರೋದು ಕೆಳಗಿನ ಮೆಟ್ಟಿಲಲ್ಲಿ. ಸಿವಿಲ್ ಜಡ್ಜ್ ಪರೀಕ್ಷೆಗೆ 2025ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 3 ವರ್ಷ ವಕೀಲಿಕೆ ಬೇಕು. 7 ವರ್ಷ ಆದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆ ಬರೀಬಹುದು. ಬಳ್ಳಾರಿಯಲ್ಲಿ ವಕೀಲರಾಗಿದ್ದ ಮಂಜುಳಾ ಚೆಲ್ಲೂರ್ 1988ರಲ್ಲಿ ನೇರ ನೇಮಕದಿಂದ ಜಿಲ್ಲಾ ನ್ಯಾಯಾಧೀಶರಾದರು. 2000ದಲ್ಲಿ ನಮ್ಮ ಹೈಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿ. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿ ಆದರು.

ಆದರೆ ಹುದ್ದೆಗಿಂತ ಆ ಕೆಲಸ ಏನು ಅಂತ ತಿಳಿಯೋದು ಮುಖ್ಯ. ಅಪೀಲಿನಲ್ಲಿ ಸಾಮಾನ್ಯವಾಗಿ ಸಾಕ್ಷಿ ಎದುರಿಗೆ ಬರೋದಿಲ್ಲ. ಇರೋದು ಬರೀ ಕಾಗದ.

ಒಮ್ಮೆ ಅಪಘಾತ ಪರಿಹಾರದ ಅಪೀಲು. ನನ್ನ ಕಕ್ಷಿದಾರ ಗಾರೆ ಕೆಲಸದವರು. ಬಲಗೈಗೆ ಶೇ. 45 ಊನ ಅಂತ ಡಾಕ್ಟರು ಬರೆದಿದ್ದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ. 15 ಅಂತ ಕೆಳಗೆ ಪರಿಹಾರ ನಿಗದಿ ಮಾಡಿದ ಟ್ರಿಬ್ಯೂನಲ್ ಹಿಡಿದಿತ್ತು. ಎಲ್ಲರೂ ಹಾಗೇ ಹಿಡೀತಾರಲ್ವಾ ಅಂತ ನಾನು ಆಸ್ಪತ್ರೆ ಖರ್ಚಿನ ಮೇಲೇ ವಾದ ಮಾಡ್ತಾ ಇದ್ದೆ. ನ್ಯಾಯಮೂರ್ತಿಗಳು ಕೆಳ ಕೋರ್ಟಿನ ಕಡತ ತಿರುವಿ, ಡಾಕ್ಟರ ಪಾಟೀ ಸವಾಲಿನ (ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ ಸಾಕ್ಷಿ ಕೊಟ್ಟ ಉತ್ತರ) ಒಂದು ಸಾಲಿಗೆ ಬೆರಳಿಟ್ಟರು. "ಕೈ ಹೆಗಲ ಮೇಲಕ್ಕೆ ಏಳೋದಿಲ್ಲ ಅಂತ ಇಲ್ಲಿದೆ. ಇವರು ಗೋಡೆಗೆ ಗಾರೆ ಹಚ್ಚೋದು ಹೇಗೆ? ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ."

ಆ ಸಾಲನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ಅವರು ಹಿಂದಿನ ರಾತ್ರಿಯೇ ಓದಿಕೊಂಡು ಬಂದಿದ್ದರು. ಪರಿಹಾರ ಜಾಸ್ತಿ ಆಯಿತು. ಅಂದಿನಿಂದ ಪಾಟೀ ಸವಾಲು ಓದದೆ ನಾನು ಅಪೀಲು ಬರೆದಿಲ್ಲ.

ನೀವು ಇಂಟರ್ನ್‌ಶಿಪ್‌ಗೆ ಹೋದಾಗ ಸೀನಿಯರ್ ಹತ್ತಿರ ಒಂದು ಮುಗಿದ ಅಪೀಲಿನ ಕಡತ ಕೇಳಿ. ತೀರ್ಪು ಮೊದಲೇ ನೋಡಬೇಡಿ. ಸಾಕ್ಷಿ ಹೇಳಿಕೆ ಪೂರ್ತಿ ಓದಿ, ನಿಮ್ಮ ತೀರ್ಮಾನ ಎರಡು ಪುಟ ಬರೀರಿ. ಆಮೇಲೆ ತೀರ್ಪು ತೆಗೆದು, ನಿಮ್ಮ ಕಣ್ಣಿಗೆ ಬೀಳದ ಸಾಲು ಯಾವುದು ಅಂತ ಹುಡುಕಿ.