ಕಾಕಾಗೆ ಪಾಸಾಯ್ತು ಅಂದುಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ: ನನಗೆ 20 ವರ್ಷ. ಆಳಂದ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಐದು ಎಕರೆ ತೊಗರಿ ಹೊಲ. ನಾನು ಕಲಬುರಗಿಯಲ್ಲಿ ಕಾಕಾನ ಮನೆಯಲ್ಲಿದ್ದು ಬಿ.ಕಾಂ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಪಿಯುವರೆಗೆ ಕನ್ನಡ ಮೀಡಿಯಂ, ಎಚ್‌ಇಬಿಎ. ನಾನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಬೇಕು ಅನ್ನೋದು ಕಾಕಾನ ಆಸೆ. ಅದರ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯ ಕೋಚಿಂಗ್ ಫೀಸನ್ನೂ ಅವರೇ ಕಟ್ಟಿದರು. ಮೊದಲ ಸಲ ಫೇಲಾದೆ, ಹೇಳಿದೆ. ಎರಡನೇ ಸಲದ ರಿಸಲ್ಟ್ ಬಂದ ದಿನ ಕಾಕಾ ಅಂಗಡಿಯಿಂದ ಫೋನ್ ಮಾಡಿ ‘ಏನಾತವ್ವಾ’ ಅಂದಾಗ ಬಾಯಿಂದ ‘ಪಾಸ್’ ಅಂತ ಬಂದುಬಿಟ್ಟಿತು. ಸಂಜೆ ಅವರು ಪೇಢಾ ತಂದು ಓಣಿಗೆಲ್ಲ ಹಂಚಿದರು. ನಿಜಕ್ಕೂ ಅಕೌಂಟ್ಸ್ 61, ಲಾ 52, ಎಕನಾಮಿಕ್ಸ್ 60 ಬಂದಿವೆ, ಮ್ಯಾಥ್ಸ್ ಪೇಪರ್‌ನಲ್ಲಿ 29. ಈಗ ಅವರು ಡಿಗ್ರಿ ಮುಗಿದ ಕೂಡಲೇ ಸಿಎ ಎರಡನೇ ಹಂತವಾದ ಇಂಟರ್ ಕೋಚಿಂಗ್‌ಗೆ ನನ್ನನ್ನು ಹೈದರಾಬಾದಿಗೆ ಕಳಿಸಲು ಎಫ್‌ಡಿ ಮುರಿಸಿ ಅಡ್ವಾನ್ಸ್ ಕಟ್ಟುವವರಿದ್ದಾರೆ. ನಾನು ಮಧ್ಯಾಹ್ನ ಸೂಪರ್ ಮಾರ್ಕೆಟ್ ಹತ್ತಿರ ಒಂದು ಟ್ಯಾಕ್ಸ್ ಆಫೀಸಿಗೆ ಕೆಲಸ ಕಲಿಯಲು ಹೋಗುತ್ತೇನೆ. ಆ ಕೆಲಸ ಇಷ್ಟ. ಹೋದ ತಿಂಗಳು ಒಂದು ದಾಲ್ ಮಿಲ್‌ನವರು 5 ಕಿಲೋ ಪ್ಯಾಕೆಟ್ ತೊಗರಿ ಬೇಳೆಯನ್ನೂ 30 ಕಿಲೋ ಚೀಲಗಳ ಜೊತೆ ತೆರಿಗೆ ಇಲ್ಲದ ಲೆಕ್ಕಕ್ಕೆ ಸೇರಿಸಿದ್ದನ್ನು ನಾನೇ ಹಿಡಿದೆ. ಅಲ್ಲಿನ ಸರ್ ‘ಈಗಲೇ ಫುಲ್ ಟೈಮ್ ಬಾ, 12 ಸಾವಿರ ಕೊಡ್ತೀನಿ, ಕಾಲೇಜಿಗೆ ಪರೀಕ್ಷೆಗಷ್ಟೇ ಹೋದ್ರೆ ಸಾಕು’ ಅಂತಾರೆ. ಕಾಕಾನ ಮಗ ಎಂಜಿನಿಯರ್, ‘ಟ್ಯಾಲಿ ಹೊಡೆಯೋಕೆ ಇಷ್ಟೆಲ್ಲ ಓದಬೇಕಾ’ ಅಂತಾನೆ. ಸಿಎ ನನಗೆ ಬೇಕೋ ಕಾಕಾಗೆ ಬೇಕೋ ಅದೂ ತಿಳಿಯುತ್ತಿಲ್ಲ. ಡಿಗ್ರಿಯಲ್ಲಿ ಇಲ್ಲಿವರೆಗೆ ಶೇ 59 ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ.
ಹೆಸರು ಬೇಡ, ಕಲಬುರಗಿ

ತಂಗಿ, ಮೊದಲು ನಿನ್ನ ಮಾರ್ಕ್ಸ್ ಕೂಡಿಸೋಣ. 61, 52, 60, 29. ಒಟ್ಟು 202. ಫೌಂಡೇಶನ್ ಪಾಸಾಗಲು 400ಕ್ಕೆ 200 ಬೇಕು, ಅದು ಬಂದಿದೆ. ಒಂದೊಂದು ಪೇಪರ್‌ನಲ್ಲೂ 40 ಬೇಕು, ಅದು ಮೂರರಲ್ಲಿ ಬಂದಿದೆ. ನಿನ್ನನ್ನು ಕೆಡವಿದ್ದು ಒಂದೇ ಒಂದು ಪೇಪರ್, ಅದೂ ಪಿಯುನಲ್ಲಿ ಗಣಿತವೇ ಇಲ್ಲದ ಎಚ್‌ಇಬಿಎ ಓದಿದ ಮಕ್ಕಳು ಜಾಸ್ತಿ ಎಡವೋ ಪೇಪರ್. ಅದರಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಮಾರ್ಕ್ ಕಳೀತಾರೆ, ಗೊತ್ತಿಲ್ಲದ್ದಕ್ಕೂ ಟಿಕ್ ಹಾಕುತ್ತಾ ಹೋದರೆ ಬಂದದ್ದೂ ಹೋಗುತ್ತೆ. ಇನ್ನೊಂದು ವಿಷಯ ನೀನು ಗಮನಿಸಿಯೇ ಇಲ್ಲ ಅನಿಸುತ್ತೆ. ಲಾ ಪೇಪರ್‌ಗೆ ಟಿಕ್ ಹಾಕಿದರೆ ಆಗಲ್ಲ, ಉದ್ದುದ್ದ ಉತ್ತರ ಬರೀಬೇಕು. ಸಿಎ ಪರೀಕ್ಷೆ ಬರೆಯೋಕೆ ಇರೋದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಪಿಯುವರೆಗೆ ಕನ್ನಡದಲ್ಲಿ ಓದಿದ ನೀನು ಅದರಲ್ಲಿ 52 ತಗೊಂಡಿದ್ದೀಯ. ನನಗೆ ಇದು ನಿಜಕ್ಕೂ ದೊಡ್ಡದಾಗಿ ಕಾಣುತ್ತೆ.

ಈಗ ಮುಖ್ಯ ಮಾತು. ಬಿ.ಕಾಂನಲ್ಲಿ ಶೇ 55 ತೆಗೆದವರಿಗೆ ಫೌಂಡೇಶನ್ ಬೇಕಾಗಿಯೇ ಇಲ್ಲ. ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಹೆಸರು ನೋಂದಾಯಿಸಬಹುದು. ಡಿಗ್ರಿಯ ಕೊನೇ ವರ್ಷದಲ್ಲಿ ಇರೋರೂ ತಾತ್ಕಾಲಿಕವಾಗಿ ನೋಂದಾಯಿಸಿಕೊಂಡು, ರಿಸಲ್ಟ್ ಬಂದ ಮೇಲೆ ಮಾರ್ಕ್ಸ್ ಕಾರ್ಡ್ ಕೊಡಬಹುದು. ಎಂಟು ತಿಂಗಳು ಓದಿ ಪರೀಕ್ಷೆಗೆ ಕೂರಬೇಕು. ಇಂಟರ್‌ನ ಎರಡೂ ಗ್ರೂಪ್ (ಮೂರು ಮೂರು ಪೇಪರ್) ಆದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಒಬ್ಬರ ಹತ್ತಿರ ತರಬೇತಿ, ಮುಂಚೆ ಮೂರು ವರ್ಷ ಇತ್ತು, 2023ರಿಂದ ಎರಡಕ್ಕೆ ಇಳಿಸಿದ್ದಾರೆ. ಇಂಟರ್‌ನಲ್ಲಿ ಇರೋ ಆರು ಪೇಪರ್ ಅಂದ್ರೆ ಅಡ್ವಾನ್ಸ್ಡ್ ಅಕೌಂಟಿಂಗ್, ಕಂಪನಿ ಕಾನೂನು, ತೆರಿಗೆ, ಕಾಸ್ಟಿಂಗ್, ಆಡಿಟಿಂಗ್, ಮತ್ತೆ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್. ನಿನ್ನನ್ನು ಕೆಡವಿದಂಥ ಗಣಿತದ ಪೇಪರ್ ಅಲ್ಲಿ ಇಲ್ಲ. ಕಾಸ್ಟಿಂಗ್‌ನಲ್ಲಿ ಲೆಕ್ಕ ಇರುತ್ತೆ, ಆದ್ರೆ ಅದು ನೀನು ದಿನಾ ಆಫೀಸಿನಲ್ಲಿ ಮಾಡೋ ಜಾತಿಯ ಲೆಕ್ಕ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಡೆಬಿಟ್, ಕ್ರೆಡಿಟ್ ಮೊತ್ತ ಕೂಡದೇ ಇದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು, ಪೂರ್ತಿ ಭಾಗವಾದರೆ ಎಲ್ಲೋ 54 ಬರೆಯೋದನ್ನು 45 ಅಂತ ಅಂಕಿ ಹಿಂದೆಮುಂದೆ ಮಾಡಿರಬಹುದು ಅಂತ ನಿಮ್ಮ ಸರ್ ಹೇಳಿಕೊಟ್ಟಿರಬೇಕು. ಅದೂ ಗಣಿತವೇ. ಅದಕ್ಕೆ ನೀನು ಅಂಜಲ್ಲ ಅಲ್ವಾ?

ಅಂದ್ರೆ ನೀನು ಎರಡು ಸಲ ಫೇಲಾದರೂ ಮುಂದಿನ ದಾರಿ ಮುಚ್ಚಿಲ್ಲ. ನಿನ್ನ ಕೈಲಿ ಶೇ 59 ಇದೆ.

ಇಷ್ಟು ಓದುವಾಗಲೇ ನಿನ್ನ ತಲೆಯಲ್ಲಿ ಒಂದು ಯೋಚನೆ ಬಂದಿರುತ್ತೆ. ಹಾಗಾದ್ರೆ ಹೇಳೋದೇ ಬೇಡ, ಡಿಗ್ರಿ ಮುಗಿಸಿ ಸುಮ್ನೆ ಇಂಟರ್‌ಗೆ ಸೇರಿಕೊಂಡರೆ ಯಾರಿಗೂ ಗೊತ್ತಾಗಲ್ಲ ಅಂತ. ಗೊತ್ತಾಗದೇ ಇರಬಹುದು, ನಿಜ. ಆದರೂ ಹಾಗೆ ಮಾಡಬೇಡ. ಇಂಟರ್ ಸುಲಭದ ಪರೀಕ್ಷೆ ಅಲ್ಲ, ಒಂದೇ ಸಲಕ್ಕೆ ಎರಡೂ ಗ್ರೂಪ್ ಆಗದೇ ಇರೋದು ಮಾಮೂಲು. ಆಗ ಮತ್ತೆ ಅದೇ ಫೋನ್ ಬರುತ್ತೆ, ಅದೇ ‘ಏನಾತವ್ವಾ’. ಮೊದಲ ಸುಳ್ಳು ಒಳಗೇ ಇದ್ದರೆ ಎರಡನೇ ಸಲ ನಿಜ ಹೇಳೋಕೆ ನಾಲಿಗೆ ಏಳಲ್ಲ. ಇನ್ನೊಂದು, ನಿನ್ನ ಕಾಕಾ ಮುರಿಸೋದು ಅವರ ಎಫ್‌ಡಿ. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿಯಲ್ಲೂ ನಷ್ಟ. ನಾಳೆ ನೀನು ಯಾರದೋ ಲೆಕ್ಕಕ್ಕೆ ‘ಇದು ಸರಿ ಇದೆ’ ಅಂತ ಸಹಿ ಹಾಕುವವಳು, ಅದನ್ನು ನಂಬಿ ಬ್ಯಾಂಕಿನವರು ಸಾಲ ಕೊಡ್ತಾರೆ. ಇವತ್ತು ನಿನ್ನನ್ನು ನಂಬಿ ದುಡ್ಡು ತೆಗೆಯೋ ಮನುಷ್ಯನಿಗೆ ಸರಿಯಾದ ಅಂಕಿ ಕೊಡಬೇಕಾದ್ದು ನೀನೇ.

ಹಾಗಾಗಿ ಅಡ್ವಾನ್ಸ್ ಕಟ್ಟೋ ಮುಂಚೆ ಹೇಳು. ಈ ಭಾನುವಾರ ದಾಟಬಾರದು. ಬೀಗರು ಬಂದಾಗ ಬೇಡ, ಊಟದ ತಾಟಿನ ಮುಂದೆ ಬೇಡ, ಫೋನಿನಲ್ಲಂತೂ ಬೇಡವೇ ಬೇಡ. ಕಾಕಾ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಚಹಾ ಕುಡಿದಾದ ಮೇಲೆ. ಕಾಕು ಅಲ್ಲೇ ಕೂತಿರಲಿ. ಮಾರ್ಕ್ಸ್ ಪ್ರಿಂಟ್ ತೆಗೆಸಿಕೊಂಡು ಹೋಗು, ಮೊಬೈಲ್ ತೋರಿಸಬೇಡ, ಕಾಗದ ಅವರ ಕೈಯಲ್ಲಿರಲಿ. ಮಾತು ಉದ್ದ ಬೇಡ. “ಕಾಕಾ, ಎರಡನೇ ಸಲಾನೂ ಪಾಸ್ ಆಗಿಲ್ರಿ. ಅವತ್ತು ಅಂಜಿ ಸುಳ್ಳು ಹೇಳೀನಿ. ಮ್ಯಾಥ್ಸ್‌ನ್ಯಾಗ ಹೋಗೇದ. ರೊಕ್ಕ ಕಟ್ಟಬ್ಯಾಡ್ರಿ.” ಇಷ್ಟೇ ಹೇಳಿ ಸುಮ್ಮನೆ ಕೂರು. ಶೇ 55ರ ವಿಷಯವನ್ನು ಅದೇ ಉಸಿರಿನಲ್ಲಿ ಹೇಳೋಕೆ ಹೋಗಬೇಡ, ತಪ್ಪನ್ನು ಮುಚ್ಚೋಕೆ ನೆಪ ತಂದಿದ್ದಾಳೆ ಅಂತ ಅನಿಸುತ್ತೆ. ಅವರು ಬೈಯಲಿ. ಬೈದೇ ಬೈತಾರೆ, ಓಣಿಗೆಲ್ಲ ಪೇಢಾ ಹಂಚಿದ ಮನುಷ್ಯ, ಅವಮಾನ ಆಗದೇ ಇರುತ್ತಾ? ಎರಡು ದಿನ ಮಾತಾಡದೇನೂ ಇರಬಹುದು. ಆ ಬಿಸಿ ಇಳಿದ ಮೇಲೆ ಇಂಟರ್‌ನ ನೇರ ದಾರಿಯ ವಿಷಯ ತೆಗಿ. ಅಪ್ಪನಿಗೂ ಅದೇ ದಿನ ನೀನೇ ತಿಳಿಸು, ಬೇರೆಯವರ ಬಾಯಿಂದ ಅವರಿಗೆ ಹೋಗಬಾರದು. ಇನ್ನು ಓಣಿಯವರಿಗೆ ಮನೆಮನೆಗೆ ಹೋಗಿ ಹೇಳಬೇಕಾದ್ದೇನೂ ಇಲ್ಲ. ಯಾರಾದ್ರೂ ಕೇಳಿದರೆ ‘ಫೌಂಡೇಶನ್ ಆಗಿಲ್ಲ, ಡಿಗ್ರಿ ಮೇಲೆ ಇಂಟರ್‌ಗೆ ನೋಡ್ತೀನಿ’ ಅಂದರಾಯ್ತು.

ಹೈದರಾಬಾದ್ ಬೇಕೇ ಬೇಕು ಅಂತ ನನಗೆ ಅನಿಸಲ್ಲ. ಸಿಎ ಸಂಸ್ಥೆಯವರೇ ಇಂಟರ್‌ಗೆ ಆನ್‌ಲೈನ್ ಕ್ಲಾಸನ್ನು ಉಚಿತವಾಗಿ ನಡೆಸುತ್ತಾರೆ, ನಮ್ಮ ಕಲಬುರಗಿಯಲ್ಲೂ ಅವರ ಶಾಖೆ ಇದೆ. ಮೊದಲು ಒಂದೆರಡು ತಿಂಗಳು ಆ ಕ್ಲಾಸ್ ಕೇಳು. ಇಂಗ್ಲಿಷ್ ಎಷ್ಟು ತಲೆಗೆ ಹೋಗುತ್ತೆ, ದಿನಕ್ಕೆ ಎಷ್ಟು ಹೊತ್ತು ಕೂರೋಕೆ ಆಗುತ್ತೆ ಅನ್ನೋದು ಗೊತ್ತಾಗಲಿ. ದುಡ್ಡು ಸುರಿಯೋದು ಆಮೇಲೆ.

ಈಗ ಸಿಎ ಯಾರಿಗೆ ಬೇಕು ಅನ್ನೋ ಪ್ರಶ್ನೆ. ಇದಕ್ಕೆ ಉತ್ತರ ನೀನೇ ಬರೆದಿದ್ದೀಯ, ಬೇಳೆ ಪ್ಯಾಕೆಟ್ ವಿಷಯದಲ್ಲಿ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಬೇಳೆಗೆ ಶೇ 5 ಜಿಎಸ್‌ಟಿ ಬಂತು. ಲೂಸ್ ಬೇಳೆಗೆ ಇಲ್ಲ, 30 ಕಿಲೋ ಚೀಲಕ್ಕೂ ಇಲ್ಲ. ಅದೇ ತೊಗರಿ, ಅದೇ ಮಿಲ್ಲು, ಪ್ಯಾಕಿನ ತೂಕ ಬದಲಾದರೆ ತೆರಿಗೆ ಬದಲಾಗುತ್ತೆ. ರಿಟರ್ನ್ ತುಂಬುವ ಗಡಿಬಿಡಿಯಲ್ಲಿ, 11ನೇ ತಾರೀಖು ಮಾರಾಟದ ವಿವರ ಇರೋ ಜಿಎಸ್‌ಟಿಆರ್-1 ಹೋಗಬೇಕು, 20ಕ್ಕೆ ತೆರಿಗೆ ಕಟ್ಟೋ 3ಬಿ ಹೋಗಬೇಕು, ಮಿಲ್ ಮಾಲೀಕರು ಬಿಲ್ಲಿನ ಕಟ್ಟು ತಂದು ಟೇಬಲ್ ಮೇಲೆ ಒಗೆದು ಹೋಗಿರ್ತಾರೆ, ಅಂಥದ್ದರಲ್ಲಿ 5 ಕಿಲೋ ಸಾಲು ನಿನ್ನ ಕಣ್ಣಿಗೆ ಬಿತ್ತು. ಅದನ್ನು ಯಾವ ಕೋಚಿಂಗೂ ಕಲಿಸಿಲ್ಲ. ಆ ಮಿಲ್‌ನವರಿಗೆ ಮುಂದೆ ನೋಟಿಸ್, ಬಡ್ಡಿ, ದಂಡ ಬರೋದು ತಪ್ಪಿತು. ನಿನಗೆ ಈ ಕೆಲಸ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಅದಕ್ಕೆ ಸಿಎ ಅನ್ನೋ ಎರಡಕ್ಷರ ಬೇಕಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ಇವತ್ತೇ ಬಗೆಹರಿಸಬೇಕಾಗಿಲ್ಲ. ಸಿಎ ಆದರೆ ಆಡಿಟ್‌ಗೆ ಸಹಿ ಹಾಕೋ ಹಕ್ಕು ಬರುತ್ತೆ, ದುಡಿಮೆಯೂ ಜಾಸ್ತಿ. ಆಗದಿದ್ದರೂ ಬಿ.ಕಾಂ ಆದವರು ಬೇರೆಯವರ ರಿಟರ್ನ್ ತುಂಬಿಕೊಡೋ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳೋ ದಾರಿ ಇದೆ. ಕಾಸ್ಟ್ ಅಕೌಂಟೆಂಟ್‌ಗಳ ಸಂಸ್ಥೆಯ ಸಿಎಂಎ ಕೋರ್ಸಿಗೂ ಡಿಗ್ರಿ ಮೇಲೆ ನೇರ ಇಂಟರ್‌ಗೆ ಸೇರಬಹುದು.

ಸರ್ಕಾರಿ ಕೆಲಸದ ಕಡೆ ಮನಸ್ಸಿದ್ದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಡು, ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು, ಅರ್ಜಿ ಕರೆದ ಮೇಲೆ ಓಡಾಡೋದು ಬಹಳ ತ್ರಾಸು. ನಮ್ಮ ಭಾಗದ ಸ್ಥಳೀಯ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಆದ್ರೆ ನಿನ್ನ ಪತ್ರದಲ್ಲಿ ಎಲ್ಲೂ ಆ ಆಸೆ ಕಾಣಲಿಲ್ಲ, ಅದಕ್ಕೇ ಇದನ್ನು ಎಳೆಯಲ್ಲ.

ಕಾಕಾನ ಮಗನ ಮಾತು ನಿನ್ನನ್ನು ಚುಚ್ಚಿದೆ, ಬರೆದ ರೀತಿಯಲ್ಲೇ ಗೊತ್ತಾಗುತ್ತೆ. ಬಸವಣ್ಣ ಬಿಜ್ಜಳನ ಹತ್ತಿರ ಕೆಲಸ ಶುರು ಮಾಡಿದ್ದು ಕರಣಿಕರಾಗಿ, ಲೆಕ್ಕ ಬರೆಯೋ ಕೆಲಸದಲ್ಲಿ. ಆಮೇಲೆ ಭಂಡಾರಿಯಾದರು. ಅವರು ನಡೆದಾಡಿದ ಕಲ್ಯಾಣ ಇಲ್ಲೇ ಪಕ್ಕದ ಬೀದರ್ ಜಿಲ್ಲೆಯಲ್ಲಿದೆ. ಈ ನೆಲದಲ್ಲಿ ಹುಟ್ಟಿದವರು ಲೆಕ್ಕದ ಕೆಲಸ ಸಣ್ಣದು ಅಂದ್ರೆ ನನಗೆ ಸಂಕಟ ಆಗುತ್ತೆ. ಅವನ ಜೊತೆ ವಾದಕ್ಕೆ ಇಳಿಯಬೇಡ. ಮುಂದಿನ ವರ್ಷ ಅವನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ನೀನೇ ತುಂಬಿಕೊಡು.

ನಿಮ್ಮ ಆಫೀಸಿನ ಸರ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಕೆಲಸ ಕಲಿಸಿದ್ದಾರೆ, ಅದು ದೊಡ್ಡ ಉಪಕಾರ, ಒಪ್ಪಿದೆ. ಆದ್ರೆ ಕೊನೇ ವರ್ಷದ ಹುಡುಗಿಗೆ ಕಾಲೇಜು ಬಿಟ್ಟು ಬಾ ಅನ್ನೋದು ಸರಿಯಲ್ಲ. ನಿನ್ನ ಶೇ 59 ಮತ್ತು ಶೇ 55ರ ನಡುವೆ ಇರೋದು ಬರೀ ನಾಲ್ಕು. ಕ್ಲಾಸ್ ತಪ್ಪಿ, ಹಾಜರಿ ಕಮ್ಮಿಯಾಗಿ, ಇಂಟರ್ನಲ್ ಮಾರ್ಕ್ಸ್ ಹೋಗಿ, ಎರಡು ಸೆಮಿಸ್ಟರ್‌ಗಳಲ್ಲಿ ಅದು ಕರಗಿದರೆ ನಾನು ಮೇಲೆ ಹೇಳಿದ ನೇರ ದಾರಿ ಹೋಯ್ತು. 54 ಬಂದರೂ ಸಿಎ ಸಂಸ್ಥೆಯವರು ಸೇರಿಸಿಕೊಳ್ಳಲ್ಲ. 12 ಸಾವಿರಕ್ಕೆ ಅದನ್ನು ಮಾರಿಕೊಳ್ಳಬೇಡ. ಆ ಕೆಲಸ ಎಲ್ಲೂ ಓಡಿಹೋಗಲ್ಲ. ಗಂಜ್‌ನಲ್ಲಿ ಅಷ್ಟು ಅಡತ್ ಅಂಗಡಿ, ಊರಿನ ಸುತ್ತ ಅಷ್ಟು ದಾಲ್ ಮಿಲ್, ಎಲ್ಲರಿಗೂ ತಿಂಗಳಿಗೋ ಮೂರು ತಿಂಗಳಿಗೋ ರಿಟರ್ನ್ ಹೋಗಲೇಬೇಕು, ಕೆಲಸ ಬಲ್ಲವರು ಸಿಗಲ್ಲ ಅಂತ ಎಲ್ಲರೂ ಹೇಳೋರೇ.

ಅವರಿಗೆ ಹೀಗೆ ಹೇಳು: “ಸರ್, ಆರನೇ ಸೆಮಿಸ್ಟರ್ ಮುಗಿಯೋವರೆಗೆ ಮಧ್ಯಾಹ್ನ ಮಾತ್ರ ಬರ್ತೀನ್ರಿ. ಆಮೇಲೆ ಫುಲ್ ಟೈಮ್ ಮಾತಾಡೋಣ್ರಿ.” ಇಷ್ಟು ದಿನ ಕಲಿಯೋಳು ಅಂತ ಪುಕ್ಕಟೆ ಮಾಡಿಸಿಕೊಂಡಿದ್ದರೆ, ಇನ್ನು ಮೇಲೆ ಅರ್ಧ ದಿನಕ್ಕೆ ಇಷ್ಟು ಅಂತ ಸಂಬಳ ಕೇಳು, ನಾಚಿಕೆ ಪಡಬೇಡ. ಮಿಲ್‌ನವರ ತಪ್ಪು ಹಿಡಿದವಳು ನೀನು. ಒಪ್ಪದಿದ್ದರೆ ಪರೀಕ್ಷೆ ಮುಗಿಯೋವರೆಗೆ ಬಿಡು, ಆ ಹೊತ್ತನ್ನು ಕಾಸ್ಟಿಂಗ್‌ಗೆ ಹಾಕು. ಕಾಕಾ ಜೊತೆ ಮಾತಾದ ಮೇಲೆ ಏನಾಯ್ತು ಅಂತ ನನಗೆ ಬರಿ.